ನಂತರ ಪ್ರಯತ್ನಿಸಿ

ವಲಸೆಗೆ ಅರ್ಜಿ ಹಾಕಿದ ದೇಶದ ಹೆಸರು ಬರೆಯುವುದಿಲ್ಲ. ನನ್ನ ಫೈಲು ಇನ್ನೂ ಅವರ ಕೈಯಲ್ಲಿದೆ. ಕೆನಡಾ ಆಗಲಿ, ಆಸ್ಟ್ರೇಲಿಯಾ ಆಗಲಿ, ವಯಸ್ಸಿಗೆ ಇಷ್ಟು, ಇಂಗ್ಲಿಷಿಗೆ ಇಷ್ಟು, ಅನುಭವಕ್ಕೆ ಇಷ್ಟು ಅಂತ ಅಂಕ ಹಾಕಿ ಕಸುಬುದಾರರನ್ನು ಸಾಲಿನಲ್ಲಿ ನಿಲ್ಲಿಸುತ್ತಾರೆ. ಮೇಲಿನವರಿಗೆ ಆಹ್ವಾನ ಬರುತ್ತದೆ. ಬಂದ ಮೇಲೆ ಅರ್ಜಿ ಸಲ್ಲಿಸಲು 60 ದಿನ. ತಪ್ಪಿದರೆ ಆ ಆಹ್ವಾನ ಹೋಯಿತು, ಮತ್ತೆ ಸಾಲಿಗೆ. ನನಗೆ ಬಂದದ್ದು 2022ರ ಜೂನ್ ಕೊನೆಗೆ, ಗಡುವು ಆಗಸ್ಟ್ ಕೊನೆಗೆ. ಆ ಎರಡು ತಿಂಗಳು ಭಟ್ಕಳದ ಹತ್ತಿರದ ನಮ್ಮ ಹೆಬಳೆಯಲ್ಲಿ ಕರೆಂಟು ಇರುವುದು ಮಳೆಯ ಮರ್ಜಿಯ ಮೇಲೆ, ಮೊಬೈಲ್ ಟವರು ಇರುವುದು ಕರೆಂಟಿನ ಮರ್ಜಿಯ ಮೇಲೆ.

ನಾನು ಎ.ಸಿ., ಫ್ರಿಜ್ ಮೆಕ್ಯಾನಿಕ್. ಐ.ಟಿ.ಐ. ಮುಗಿಸಿ ಐಸ್ ಪ್ಲಾಂಟಿನಲ್ಲಿ ಕೈ ಪಳಗಿಸಿಕೊಂಡು, ಶಾರ್ಜಾದಲ್ಲಿ ವರ್ಷಗಟ್ಟಲೆ ದುಡಿದು ಬಂದವನು. ಭಟ್ಕಳದ ಕಡೆಯವರಿಗೆ ಪರದೇಶದ ಕಾಗದಪತ್ರ ಹೊಸತಲ್ಲ. ಹಿಂದಿನವರು ಬೊಂಬಾಯಿಗೆ ಹೋಗಿ ಏಜೆಂಟನ ಬಾಗಿಲಲ್ಲಿ ವಾರಗಟ್ಟಲೆ ಬಿದ್ದುಕೊಂಡಿರುತ್ತಿದ್ದರು. ಏಜೆಂಟರು ಸರಕಾರದಲ್ಲಿ ನೋಂದಣಿ ಮಾಡಿಸಬೇಕು ಎಂಬ ವಲಸೆ ಕಾಯ್ದೆ ಬಂದದ್ದು 1983ರಲ್ಲಿ. ಅದಕ್ಕೆ ಮೊದಲೂ ಮೋಸವಿತ್ತು, ಆಮೇಲೂ ಇತ್ತು. ಆದರೆ ಕೊರಳಪಟ್ಟಿ ಹಿಡಿಯಲು ಎದುರಿಗೆ ಒಂದು ಕೊರಳಾದರೂ ಇರುತ್ತಿತ್ತು.

ಮೊದಲ ಪೆಟ್ಟು ಬಿದ್ದದ್ದು ಹೆಸರಿಗೆ. ಉತ್ತರ ಕನ್ನಡ 1862ರಿಂದ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಅಲ್ಲಿಯವರಂತೆ ನಮ್ಮಲ್ಲೂ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರೂ ಒಟ್ಟಿಗೆ. ಪಾಸ್‌ಪೋರ್ಟಿನಲ್ಲಿ ನನಗೆ ‘ನಾಯ್ಕ’ ಎಂಬ ಅಡ್ಡಹೆಸರು ಪ್ರತ್ಯೇಕ ಸಾಲಿನಲ್ಲಿದೆ. ಐ.ಟಿ.ಐ. ಸರ್ಟಿಫಿಕೇಟಿನಲ್ಲಿ ಅಪ್ಪ ಒಂದೇ ಅಕ್ಷರಕ್ಕೆ ಇಳಿದಿದ್ದಾರೆ. ಶಾರ್ಜಾದ ಕಂಪನಿ ಕೊಟ್ಟ ಅನುಭವ ಪತ್ರದಲ್ಲಿ ನಾಯ್ಕರೇ ಇಲ್ಲ. ನನ್ನದಾದರೂ ಅಫಿಡವಿಟ್ಟಿನಲ್ಲಿ ಮುಗಿಯಿತು. ಹೆಂಡತಿ ಘಟ್ಟದ ಮೇಲಿನವಳು, ಸಾಗರದ ಕಡೆ. ಮೈಸೂರು ಸೀಮೆಯಲ್ಲಿ ಇನಿಶಿಯಲ್ಲೇ ರೂಢಿ. ಅವಳ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಇಂಥವರು ಇಡೀ ಹೆಸರನ್ನು ಅಡ್ಡಹೆಸರಿನ ಚೌಕದಲ್ಲಿ ಬರೆದು, ಸ್ವಂತ ಹೆಸರಿನ ಚೌಕ ಖಾಲಿ ಬಿಡಬೇಕು ಎಂದು ಅವರ ಸೂಚನೆಯಲ್ಲೇ ಇದೆ. ಹಾಗೇ ಮಾಡಿದೆವು. ಮೊದಲ ಪುಟ ಒಪ್ಪಿತು. ಕುಟುಂಬದ ವಿವರದ ಪುಟ ಮಾತ್ರ ಅದೇ ಖಾಲಿ ಚೌಕಕ್ಕೆ ಕೆಂಪು ನಕ್ಷತ್ರ ಹಾಕಿ ‘ಇದು ಕಡ್ಡಾಯ’ ಎಂದಿತು. ಖಾಲಿ ಬಿಡು ಅನ್ನುವವರೂ ಅವರೇ, ಬಿಡಬೇಡ ಅನ್ನುವವರೂ ಅವರೇ. ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. “ನಾನು ಇದ್ದೇನೋ ಇಲ್ವೋ ಅಂತ ಮೊದಲು ಅವರು ತೀರ್ಮಾನ ಮಾಡ್ಲಿ” ಅಂದಳು.

ಅಕ್ಕನ ಮಗ ಕಂಪ್ಯೂಟರ್ ಕಲಿತವನು. “ಮಾವ, ಬ್ರೌಸರ್ ಬದಲು ಮಾಡಿ ನೋಡುವ” ಅಂದ. ಬದಲು ಮಾಡಿದೆವು. ಕ್ಯಾಶೆ ಅಳಿಸಿದೆವು. ಫೋನಿನಲ್ಲಿ, ಅವನ ಲ್ಯಾಪ್‌ಟಾಪಿನಲ್ಲಿ, ಭಟ್ಕಳ ಪೇಟೆಯ ಸೈಬರ್ ಸೆಂಟರಿನಲ್ಲಿ ಪ್ರಯತ್ನಿಸಿದೆವು. ಒಂದು ದಿನ ಬೆಳಗಿನ ಜಾವ ಆ ಪುಟ ತಾನಾಗಿ ದಾರಿ ಬಿಟ್ಟಿತು. ಯಾಕೆ ಅಂತ ಈಗಲೂ ಗೊತ್ತಿಲ್ಲ.

ಮುಂದಿನ ಪುಟ ವಿಳಾಸದ್ದು. ನಮ್ಮಲ್ಲಿ ರಸ್ತೆಗೆ ಹೆಸರಿಲ್ಲ. ಮನೆಗೆ ಪಂಚಾಯತಿ ಕೊಟ್ಟ ನಂಬರಿದೆ, ನಡುವೆ ಒಂದು ಅಡ್ಡಗೀಟು ಇದೆ. ಪುಟ ತುಂಬಿಸಿ ಒತ್ತಿದರೆ ತುದಿಯಲ್ಲಿ ಕೆಂಪಕ್ಷರ: ದೋಷವಿದೆ. ಎಲ್ಲಿ ಅಂತ ಹೇಳುವುದಿಲ್ಲ. ಹತ್ತು ವರ್ಷದ ವಾಸದ ವಿವರ, ಶಾರ್ಜಾದ ಕ್ಯಾಂಪುಗಳು, ರಜೆಗೆ ಬಂದ ತಾರೀಖುಗಳು ಎಲ್ಲ ಅದೇ ಪುಟದಲ್ಲಿ. ಒಂದೊಂದೇ ಸಾಲು ಅಳಿಸುತ್ತಾ, ಒತ್ತುತ್ತಾ ಬಂದೆವು. ನಡುವೆ ಹೊತ್ತು ಮೀರಿತೆಂದು ಪುಟ ನಮ್ಮನ್ನು ಹೊರಗೆ ಹಾಕಿತು, ತುಂಬಿದ್ದೆಲ್ಲ ಹೋಯಿತು. ಎರಡನೇ ಸುತ್ತಿನಲ್ಲಿ ಸಿಕ್ಕಿಬಿದ್ದದ್ದು ಆ ಅಡ್ಡಗೀಟು. ಅದನ್ನು ತೆಗೆದು ಎರಡು ಅಂಕಿಗಳ ನಡುವೆ ಜಾಗ ಬಿಟ್ಟರೆ ಪುಟ ತಣ್ಣಗೆ ಮುಂದೆ ಹೋಯಿತು.

ಐಸ್ ಪ್ಲಾಂಟಿನಲ್ಲಿ ಕಂಪ್ರೆಸರ್ ಟ್ರಿಪ್ ಆದರೆ ಪ್ಯಾನಲ್ಲು ಕಾರಣ ಹೇಳುತ್ತದೆ. ಒತ್ತಡ ಜಾಸ್ತಿಯಾಯಿತೇ, ಕಡಿಮೆಯಾಯಿತೇ, ಆಯಿಲ್ ಇಳಿಯಿತೇ ಎನ್ನುವುದಕ್ಕೆ ಒಂದೊಂದಕ್ಕೂ ಬೇರೆ ದೀಪ. ಕಾರಣ ಹೇಳದೆ ನಿಲ್ಲುವ ಯಂತ್ರವನ್ನು ನಾವು ಮಾಲೀಕರಿಗೆ ಒಪ್ಪಿಸುವುದಿಲ್ಲ. ಇಷ್ಟು ದೊಡ್ಡ ಸರಕಾರಗಳು ಒಪ್ಪಿಸಿಕೊಳ್ಳುತ್ತವೆ.

ಜುಲೈ 31ಕ್ಕೆ ಯಾಂತ್ರಿಕ ದೋಣಿಗಳ 61 ದಿನದ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಆ ಹೊತ್ತಿಗೆ ಐಸ್ ತಯಾರಿರಬೇಕು, ನನಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆ ವರ್ಷ ಆಗಸ್ಟ್ 1ರ ರಾತ್ರಿ ಮಳೆ ಹೊಡೆದದ್ದನ್ನು ಭಟ್ಕಳದವರು ಯಾರೂ ಮರೆಯಲಿಕ್ಕಿಲ್ಲ. ಬೆಳಗಾಗುವಾಗ ಪೇಟೆ, ಹೆದ್ದಾರಿ ಎಲ್ಲ ನೀರು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. ನಮ್ಮ ಕಡೆ ಕರೆಂಟಿಲ್ಲ, ಟವರಿಲ್ಲ. ಅಂಥ ಹೊತ್ತಿನಲ್ಲಿ ಅರ್ಜಿಯ ಚಿಂತೆ ಮಾಡುವುದಕ್ಕೇ ನಾಚಿಕೆಯಾಗುತ್ತಿತ್ತು. ಆದರೂ ಮಾಡುತ್ತಿದ್ದೆ, ಗಡುವಿಗೆ ಮಳೆ ಗೊತ್ತಿಲ್ಲವಲ್ಲ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದ ಅಪಾಯಿಂಟ್‌ಮೆಂಟ್ ಸಿಕ್ಕಿತ್ತು. ಶುಲ್ಕ 500 ರೂಪಾಯಿ. ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ಇದಕ್ಕೆ ಅರ್ಜಿ ಹಾಕಲು ಬಿಟ್ಟದ್ದು ಅದೇ ವರ್ಷ ಸೆಪ್ಟೆಂಬರ್ 28ರಿಂದ. ನನ್ನ ಗಡುವು ಮುಗಿದ ಮೇಲೆ. ಇರಲಿ, ಮಂಗಳೂರಿನಲ್ಲಿ ಕೌಂಟರಿತ್ತು, ಆಚೆ ಬದಿಯಲ್ಲಿ ಮನುಷ್ಯರಿದ್ದರು. ಒಂದು ಜೆರಾಕ್ಸ್ ಕಮ್ಮಿಯಾದರೆ “ಹೊರಗೆ ಅಂಗಡಿ ಇದೆ, ಮಾಡಿಸ್ಕೊಂಡು ಬನ್ನಿ” ಅಂದರು. ಕಚೇರಿಗಳನ್ನು ಬೈಯುತ್ತಲೇ ಬೆಳೆದವನು ನಾನು. ಆ ದಿನ ಆ ಮಾತು ಕಿವಿಗೆ ಇಂಪಾಗಿ ಕೇಳಿಸಿತು.

ಕೊನೆಗೆ ಉಳಿದದ್ದು ಹಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುತ್ತವೆ, ಅದೂ ಎ.ಟಿ.ಎಂ., ಅಂಗಡಿಗಳಲ್ಲಿ. ಆನ್‌ಲೈನ್, ಹೊರದೇಶ ಬೇಕೆಂದರೆ ನಾವೇ ತೆರೆದುಕೊಳ್ಳಬೇಕು. ಅದನ್ನು ಮೊದಲೇ ಮಾಡಿಸಿಟ್ಟಿದ್ದೆ. ಒ.ಟಿ.ಪಿ. ಬರಲು ಸಿಗ್ನಲ್ ಬೇಕೆಂದು ಫೋನ್ ಹಿಡಿದು ಮನೆಯ ಮಹಡಿ ಮೇಲೆ ನಿಂತೆ. ಅಳಿಯ ಕೆಳಗೆ ಲ್ಯಾಪ್‌ಟಾಪಿನ ಮುಂದೆ. ಬಂದ ಅಂಕಿಗಳನ್ನು ಮೇಲಿನಿಂದ ಕೂಗಿದೆ. ಬ್ಯಾಂಕಿನ ಮೆಸೇಜು ಬಂತು, ಹಣ ಹೋಗಿದೆ. ಕೆಳಗೆ ಇಳಿದರೆ ಪರದೆಯ ಮೇಲೆ ‘ತಾಂತ್ರಿಕ ತೊಂದರೆ, ನಂತರ ಪ್ರಯತ್ನಿಸಿ’. ಅರ್ಜಿಯ ಪುಟದಲ್ಲಿ ಶುಲ್ಕ ಬಾಕಿ, ಸಲ್ಲಿಸುವ ಗುಂಡಿ ಬೂದು ಬಣ್ಣದಲ್ಲಿ ಸತ್ತು ಬಿದ್ದಿದೆ.

ಬ್ಯಾಂಕಿನವರು “ನಮ್ಮ ಕಡೆಯಿಂದ ಹೋಗಿದೆ ಸರ್, ಅವರನ್ನೇ ಕೇಳಿ” ಅಂದರು. ಅವರನ್ನು ಕೇಳುವುದೆಂದರೆ ಇನ್ನೊಂದು ಫಾರಂ ತುಂಬಬೇಕು. ತುಂಬಿದ ಕೂಡಲೇ ಉತ್ತರ ಬರುತ್ತದೆ, ಮನುಷ್ಯ ಬರೆದದ್ದಲ್ಲ: ನಿಮ್ಮ ಪ್ರಶ್ನೆ ತಲುಪಿದೆ, ಬ್ರೌಸರಿನ ಕ್ಯಾಶೆ ಅಳಿಸಿ ನೋಡಿ. ಅಲ್ಲಿಗೆ ನನಗೆ ಇಡೀ ವ್ಯವಹಾರ ಅರ್ಥವಾಯಿತು. ಕೆಟ್ಟದ್ದು ಅವರ ಯಂತ್ರ, ಕೆಟ್ಟಿದೆ ಎಂದು ರುಜುವಾತು ಮಾಡಬೇಕಾದವನು ನಾನು. ಅದೂ ಹೆಬಳೆಯಲ್ಲಿ ಕೂತು, ಅವರ ದೇಶದ ಗಡಿಯಾರದ ಪ್ರಕಾರ. ನೆಟ್ ನಿಂತಾಗ ಅರ್ಧ ಲೋಡಾದ ಪುಟವನ್ನೂ ಫೋನಿನಿಂದ ಫೋಟೋ ಹೊಡೆದೆ. ಪಕ್ಕದಲ್ಲಿ ಕಾಣುವಂತೆ ದಿನಾಂಕ, ಗಂಟೆ. ಬ್ಯಾಂಕಿನ ಮೆಸೇಜು, ಸ್ಟೇಟ್‌ಮೆಂಟು, ಯಂತ್ರದ ಉತ್ತರಗಳು ಎಲ್ಲವನ್ನೂ ತಾರೀಖಿನ ಸಾಲಿನಲ್ಲಿ ಜೋಡಿಸಿ ಒಂದೇ ಕಡತ ಮಾಡಿ ಅದೇ ಫಾರಮಿಗೆ ಲಗತ್ತಿಸುತ್ತಾ ಹೋದೆ.

ಇಂಥ ಯಂತ್ರಗಳನ್ನು ಸರಕಾರಗಳೇ ಪೂರ್ತಿ ನಂಬುವುದಿಲ್ಲ ಎಂಬುದು ಆಮೇಲೆ ತಿಳಿದ ಸಂಗತಿ. ಬ್ರಿಟನ್ನಿನವರು ವಾಸದ ಕಾರ್ಡುಗಳನ್ನೆಲ್ಲ 2024ರ ಡಿಸೆಂಬರ್ 31ಕ್ಕೆ ಮುಗಿಸಿ ಆನ್‌ಲೈನ್ ವೀಸಾಕ್ಕೆ ಹೋಗುತ್ತೇವೆ ಅಂದರು. ಆಮೇಲೆ ಅವಧಿ ಮುಗಿದ ಕಾರ್ಡಿನಲ್ಲೇ ಪ್ರಯಾಣ ಮಾಡಲು ಮೊದಲು 2025ರ ಮಾರ್ಚ್ ಕೊನೆಯವರೆಗೆ, ಮತ್ತೆ ಜೂನ್ 1ರವರೆಗೆ ಬಿಟ್ಟರು. ಅವರು ತಮಗೆ ಬೇಕಾದಾಗ ಗಡುವು ಎಳೆಯುತ್ತಾರೆ.

ನನ್ನ ಗಡುವು ಎಳೆಯಲಿಲ್ಲ. ಹಣಕ್ಕೆ ಉತ್ತರ ಬಾರದೆ, ಕೊನೆಯ ವಾರ ಭಾವನ ಹತ್ತಿರ ಸಾಲ ಮಾಡಿ ಎರಡನೇ ಸಲ ಕಟ್ಟಿದೆ. ಈ ಸಲ ಗುಂಡಿಗೆ ಬಣ್ಣ ಬಂತು. ಅಳಿಯ ಒತ್ತಲು ಹೋದವನು ಕೈ ಹಿಂದೆ ತೆಗೆದು “ನೀವೇ ಒತ್ತಿ ಮಾವ” ಅಂದ. ಒತ್ತಿದೆ. ಸ್ವೀಕೃತಿ ಪತ್ರ ಬಂತು, ಅದರಲ್ಲಿ ಹೆಂಡತಿಯ ಹೆಸರು ಎರಡು ಸಲ ಅಚ್ಚಾಗಿತ್ತು.

ಮೊದಲು ಕಟ್ಟಿದ ಶುಲ್ಕ ತಿಂಗಳುಗಳ ನಂತರ ವಾಪಸು ಬಂತು, ಕಟ್ಟಿದ್ದಕ್ಕಿಂತ ಕೆಲವು ಸಾವಿರ ಕಮ್ಮಿ. ಬ್ಯಾಂಕಿಗೆ ಹೋಗಿ ಕೇಳಿದರೆ, ಡಾಲರಿನ ದರದ ವ್ಯತ್ಯಾಸ, ಮೇಲೆ ಪರದೇಶದ ವಹಿವಾಟಿನ ಚಾರ್ಜು ಅಂದರು. ಆ ಚಾರ್ಜನ್ನು ವಾಪಸು ಕೇಳಲು ಒಂದು ಅರ್ಜಿ ಇದೆಯಂತೆ. ಆನ್‌ಲೈನ್.