ಅತ್ತೆಯವರ ಟ್ರಂಕು, ನನ್ನ ನಗೆಬರಹ

ಕಾಗದದ ಊರಿನಲ್ಲಿದ್ದೂ ಬರೆಯಲು ಕಾಗದವಿಲ್ಲದ ಹೆಣ್ಣು ನಾನು. 1955ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯೇ ನಮ್ಮ ದಾಂಡೇಲಿಯ ಅನ್ನದಾತ. ನಾನು ಮದುವೆಯಾಗಿ ಬಂದ ದಿನಗಳಲ್ಲಿ ಬಿದಿರು ಹೇರಿಕೊಂಡ ಲಾರಿಗಳು ನಮ್ಮ ಕಿಟಕಿಯ ಮುಂದೆಯೇ ಏದುಸಿರು ಬಿಡುತ್ತ ಸಾಗುತ್ತಿದ್ದವು. ಆ ಬಿದಿರು ಬಿಳಿ ಹಾಳೆಯಾಗಿ ಊರೂರಿಗೆ ಹೋಗುತ್ತಿತ್ತು. ನಮ್ಮ ಮನೆಗೆ ಬರುತ್ತಿದ್ದದ್ದು ಅದರ ವಾಸನೆ ಮಾತ್ರ. ಇವರು ಅಲ್ಲೇ ನೌಕರಿಗಿದ್ದರೂ, "ಫ್ಯಾಕ್ಟರಿಯ ಒಂದು ಹಾಳೆಯನ್ನೂ ಮನೆಯೊಳಗೆ ತರೋದಿಲ್ಲ" ಎಂಬ ವ್ರತ ಹಿಡಿದವರು. ಹೀಗಾಗಿ ನನ್ನ ಸಾಹಿತ್ಯ ಸೇವೆಯೆಲ್ಲ ನಡೆದದ್ದು ಕಿರಾಣಿ ಚೀಟಿಯ ಬೆನ್ನ ಮೇಲೆ. ಒಂದು ಮಗ್ಗುಲಲ್ಲಿ ‘ತೊಗರಿಬೇಳೆ 2 ಕೆ.ಜಿ., ಬೆಲ್ಲ 1 ಕೆ.ಜಿ.’, ಇನ್ನೊಂದು ಮಗ್ಗುಲಲ್ಲಿ ಕಥೆ. ಒಮ್ಮೆ ಹುಡುಗ ಚೀಟಿ ಒಯ್ದವನು ಬರಿಗೈಯಲ್ಲಿ ಬಂದ. ಅಂಗಡಿಯವರು ಕಥೆಯ ಮಗ್ಗುಲನ್ನೇ ಓದಿದ್ದರು. "ಮುಂದೇನಾತು ಅಂತ ಕೇಳಿ ಬಾ" ಎಂದು ಅವನನ್ನು ಕಳಿಸಿದ್ದರು. ಬೇಳೆ ಬರಲಿಲ್ಲ. ನನ್ನ ಮೊದಲ ಅಭಿಮಾನಿ ಅವರೇ.

ನಮ್ಮ ಸಂಸಾರದ ಭೂಗೋಳವನ್ನು ಸ್ವಲ್ಪ ಹೇಳಬೇಕು. ನನ್ನ ತವರು ಮುಂಡಗೋಡ. ಅತ್ತೆಯವರ ಮನೆ ಹಳಿಯಾಳದ ಹತ್ತಿರದ ಒಂದು ಹಳ್ಳಿ. ನಾದಿನಿಯನ್ನು ಕೊಟ್ಟದ್ದು ಜೋಯಿಡಾ ಕಡೆಗೆ. ಹಬ್ಬ ಬಂತೆಂದರೆ ಕೆಂಪು ಬಸ್ಸಿನಲ್ಲಿ ಈ ನಾಲ್ಕೂ ಊರುಗಳ ಚೀಲಗಳು ಓಡಾಡುತ್ತಿದ್ದವು. ಮುಂಡಗೋಡದಿಂದ ಅಪ್ಪ, 1966ರಲ್ಲಿ ಅಲ್ಲಿ ನೆಲೆಯೂರಿದ ಟಿಬೆಟಿಯನ್ನರ ಕ್ಯಾಂಪಿನಲ್ಲಿ ಕೊಂಡ ಸ್ವೆಟರ್ ಕಳಿಸುತ್ತಿದ್ದರು. ಅಳಿಯ ಬೆಳೆಯುತ್ತಲೇ ಇದ್ದಾನೆಂದು ಅವರ ನಂಬಿಕೆ, ಪ್ರತಿ ವರ್ಷ ಒಂದು ಸೈಜು ದೊಡ್ಡದು. ಜೋಯಿಡಾದಿಂದ ನಾದಿನಿ ಗಡ್ಡೆ ಗೆಣಸುಗಳನ್ನು ಮೂಟೆಗಟ್ಟಲೆ ತರುತ್ತಿದ್ದಳು. ಯಾವುದನ್ನು ಸುಡಬೇಕು, ಯಾವುದನ್ನು ಬೇಯಿಸಬೇಕು, ಯಾವುದಕ್ಕೆ ಹುಣಸೆಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ ಎಂಬುದನ್ನು ತುರಿಸಿದ ಮೇಲೆಯೇ ಹೇಳುತ್ತಿದ್ದಳು. ಹಳಿಯಾಳದಿಂದ ಅಕ್ಕಿ ಬರುತ್ತಿತ್ತು. ಮಾವನವರು ತೀರಿಕೊಂಡ ವರ್ಷ ಅಕ್ಕಿಯ ಜೊತೆಗೆ ಅತ್ತೆಯವರೂ ಬಂದರು, ಅವರ ತಗಡಿನ ಟ್ರಂಕೂ ಬಂತು. ದಾಂಡೇಲಿ ಈಗ ಬೇರೆ ತಾಲೂಕು. ಆಗ ಹಳಿಯಾಳ ತಾಲೂಕಿನೊಳಗಿತ್ತು. ಅಂದಿನಿಂದ ನಮ್ಮ ಅಡಿಗೆಮನೆಯೂ ಹಳಿಯಾಳದ ಆಡಳಿತಕ್ಕೆ ಸೇರಿತು ಅನ್ನಿ!

ಆ ದಿನಗಳಲ್ಲಿ ನನಗೆ ಉಸಿರು ಬಿಡಲು ಇದ್ದ ಜಾಗವೆಂದರೆ ಓದು. ನಮ್ಮ ಓಣಿಯಲ್ಲಿ ಒಂದು ಕಾದಂಬರಿ ಹತ್ತು ಮನೆ ಸುತ್ತುತ್ತಿತ್ತು. ನನ್ನ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಅರಿಶಿನದ ಕಲೆ, ಎಣ್ಣೆಯ ಕಲೆ, ಕಣ್ಣೀರಿನ ಕಲೆ ಮೂರೂ ಇರುತ್ತಿದ್ದವು. ತ್ರಿವೇಣಿಯವರ ‘ಶರಪಂಜರ’ ಓದಿ ಎರಡು ದಿನ ಸಾರಿಗೆ ಉಪ್ಪು ಹಾಕಲು ಮರೆತಿದ್ದೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿ ಮೂರನೆಯ ದಿನವೂ ಮರೆತೆ. ಅವು ದೊಡ್ಡ ಕೃತಿಗಳು, ಎರಡು ಮಾತಿಲ್ಲ. ಆದರೆ ಓದಿ ಮುಗಿಸಿದಾಗೆಲ್ಲ ನನಗೊಂದು ಸಂಶಯ ಬರುತ್ತಿತ್ತು. ಹೆಂಗಸಿನ ಬಾಳಿನಲ್ಲಿ ಬರೆಯತಕ್ಕದ್ದು ಅಳು ಒಂದೇ ಏನು? ದಿನಕ್ಕೆ ಹತ್ತು ಸಲ ನಮಗೆ ನಗು ಬರುತ್ತದಲ್ಲ, ಅದು ಎಲ್ಲಿ ಹೋಯಿತು?

ಅದು ಎಲ್ಲಿದೆಯೆಂದು ತೋರಿಸಿಕೊಟ್ಟವರು ಟಿ. ಸುನಂದಮ್ಮ. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆ ಶುರುಮಾಡಿದರು. ಅದು 1967ರವರೆಗೆ ನಡೆಯಿತು. ಅದರಲ್ಲಿ ಬರೆಯುತ್ತಿದ್ದ ಸುನಂದಮ್ಮನವರು ಕನ್ನಡದ ಮೊದಲ ಹಾಸ್ಯ ಲೇಖಕಿ ಎಂದೇ ಹೆಸರಾದರು. ಅದಕ್ಕೂ ಮೊದಲು ನಗೆಬರಹದಲ್ಲಿ ಹೆಂಗಸು ಇರಲಿಲ್ಲವೆಂದಲ್ಲ, ಧಾರಾಳವಾಗಿ ಇದ್ದಳು. ಸೀರೆಗಾಗಿ ಹಟ ಹಿಡಿಯುವವಳಾಗಿ, ಲಟ್ಟಣಿಗೆ ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುವವಳಾಗಿ. ನಕ್ಕವರು ಗಂಡಸರು, ನಗೆಗೀಡಾದವಳು ಅವಳು. ಸುನಂದಮ್ಮನವರಲ್ಲಿ ಅದೇ ಹೆಂಗಸು ಎದ್ದು ಬಂದು ತಾನೇ ಮಾತಾಡತೊಡಗಿದಳು. ಮನೆ, ನೆಂಟರಿಷ್ಟರು, ಸಂಸಾರದ ತಾಪತ್ರಯ ಎಲ್ಲವೂ ಅದೇ. ಬದಲಾದದ್ದು ನಗುವ ಬಾಯಿ. ಓದುತ್ತಿದ್ದಂತೆ ನನಗೆ, "ಅಯ್ಯೋ, ಇಷ್ಟೇನಾ? ಇಂಥದ್ದು ನಮ್ಮ ಮನೆಯಲ್ಲಿ ದಿನಾ ನಡೀತದಲ್ಲ!" ಎನ್ನಿಸಿತು. ಈ "ಇಷ್ಟೇನಾ" ಎಂಬ ಮಾತಿದೆಯಲ್ಲ, ಅದು ಬಹಳ ಜನರನ್ನು ಹಾಳುಮಾಡಿದೆ. ನನ್ನನ್ನೂ ಬಿಡಲಿಲ್ಲ.

1991ರ ಮಳೆಗಾಲದಲ್ಲಿ ಅತ್ತೆಯವರ ಟ್ರಂಕಿನ ಮೇಲೆ ಒಂದು ಹಾಸ್ಯಲೇಖನ ಬರೆದು ವಾರಪತ್ರಿಕೆಯೊಂದಕ್ಕೆ ಕಳಿಸಿದೆ. ವಿಷಯ ನಿಜವಾಗಿಯೂ ಚೆನ್ನಾಗಿತ್ತು. ಆ ಟ್ರಂಕಿಗೆ ಎರಡು ಬೀಗ. ಒಂದರ ಕೀಲಿ ಅತ್ತೆಯವರ ಸೊಂಟದಲ್ಲಿ, ಇನ್ನೊಂದರದ್ದು ಎಲ್ಲಿದೆಯೆಂದು ದೇವರಿಗೂ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಬಾಗಿಲು ಮುಂದೆ ಮಾಡಿಕೊಂಡು ಅದನ್ನು ತೆರೆಯುತ್ತಿದ್ದರು. ಏನನ್ನೋ ಎಣಿಸುವ ಸದ್ದು ಕೇಳುತ್ತಿತ್ತು. ನಾನು ಅದರೊಳಗೆ ಒಂದು ರಿಸರ್ವ್ ಬ್ಯಾಂಕನ್ನೇ ಕೂಡಿಸಿದೆ. ಮಗ ಸೊಸೆಯರ ಮೇಲಿನ ದೂರುಗಳ ಫೈಲು ಇಟ್ಟೆ, ವಿಕ್ರಮಾದಿತ್ಯನ ಸಿಂಹಾಸನವನ್ನೂ ತುರುಕಿದೆ. ಲೇಖನ ಅಚ್ಚಾಯಿತು. ಮನಿಯಾರ್ಡರಿನಲ್ಲಿ ಐವತ್ತು ರೂಪಾಯಿ ಬಂತು. ಓಣಿಯ ಹೆಂಗಸರು ನಲ್ಲಿಯ ಸಾಲಿನಲ್ಲಿ ಬಿಂದಿಗೆ ಕೆಳಗಿಟ್ಟು ನಕ್ಕರು. ಇವರೂ ನಕ್ಕರು. ಆಮೇಲೆ ನೆನಪಾದವರಂತೆ, "ಅವ್ವಗ ತೋರಿಸಬ್ಯಾಡ" ಎಂದರು.

ತೋರಿಸುವ ಭಯವೇನೂ ನನಗಿರಲಿಲ್ಲ. ಅತ್ತೆಯವರು ಕಲಿತದ್ದು ನಾಲ್ಕನೆಯ ಇಯತ್ತೆವರೆಗೆ ಮರಾಠಿ. ಕನ್ನಡ ಆಡುತ್ತಿದ್ದರು, ಓದುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಹುಡುಗಿ ಓದುತ್ತಿದ್ದಳಲ್ಲ! ಒಂದು ಮಧ್ಯಾಹ್ನ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಅಕ್ಷರ ಬಿಡದೆ ಓದಿಸಿ ಕೇಳಿದರಂತೆ. ಹುಡುಗಿ ನಗುವಲ್ಲೆಲ್ಲ, "ನಗಬ್ಯಾಡ, ಮುಂದ ಓದು" ಎಂದರಂತೆ.

ಆಮೇಲೆ ಮೂರು ದಿನ ಮೌನ. ನಮ್ಮ ಅತ್ತೆಯವರ ಬೈಗುಳವನ್ನು ನಾನು ನುಂಗಬಲ್ಲೆ, ಅಭ್ಯಾಸವಿತ್ತು. ಮೌನ ಹೊಸದು. ಪಲ್ಯ ಹೊತ್ತಿಸಿದೆ, ಏನೂ ಅನ್ನಲಿಲ್ಲ. ಹಾಲು ಉಕ್ಕಿಸಿದೆ, ಏನೂ ಅನ್ನಲಿಲ್ಲ. ರೊಟ್ಟಿ ಗೋವಾದ ನಕಾಶೆಯಂತಾಯಿತು, ಅದನ್ನೂ ತಿಂದು ಎದ್ದರು. ನಾಲ್ಕನೆಯ ದಿನ ಇವರು ಶಿಫ್ಟಿಗೆ ಹೋದ ಮೇಲೆ ನನ್ನನ್ನು ಕೋಣೆಗೆ ಕರೆದರು. ಟ್ರಂಕಿನ ಮುಂದೆ ಕೂತಿದ್ದರು.

"ಟ್ರಂಕಿನ ಮ್ಯಾಲ ಬರದಿ. ಬರಿ, ಬ್ಯಾಡನ್ನೂದಿಲ್ಲ. ಆದ್ರ ಒಳಗ ಏನೈತಿ ಅತ್ತಿ ಅಂತ ಒಂದ ದಿನಾ ಕೇಳಲಿಲ್ಲಲ್ಲ ನೀನು?"

ನನ್ನ ಬಳಿ ಉತ್ತರವಿರಲಿಲ್ಲ. ಐದು ವರ್ಷ ಒಂದೇ ಸೂರಿನಡಿ ಇದ್ದೆವು. ನಿಜಕ್ಕೂ ಕೇಳಿರಲಿಲ್ಲ.

ಬೀಗ ತೆಗೆದರು. ಎರಡನೆಯ ಬೀಗಕ್ಕೆ ಕೀಲಿಯೇ ಬೇಕಿರಲಿಲ್ಲ, ಜಗ್ಗಿದರೆ ಬರುತ್ತಿತ್ತು. ಒಳಗೆ ಮೊದಲಿಗೆ ಕಂಡದ್ದು ಹಾರ್ಲಿಕ್ಸ್ ಬಾಟಲಿಯ ಮುಚ್ಚಳಗಳು. ಬಾಟಲಿಗಳಿಲ್ಲ, ಮುಚ್ಚಳ ಮಾತ್ರ. ವಾರವಾರ ಎಣಿಸುತ್ತಿದ್ದ ಸಂಪತ್ತು ಇದೇ. ಅದರ ಕೆಳಗೆ ಉರಿಯದ ಟಾರ್ಚು. ಅದರ ಕೆಳಗೆ ಒಂದು ಕೌದಿ. ಅವರ ತಾಯಿಯ ಹಳೆಯ ಸೀರೆಗಳನ್ನು ತುಂಡು ಮಾಡಿ, ಹಳಿಯಾಳ ಕಡೆಯ ಸಿದ್ದಿ ಅಜ್ಜಿಯೊಬ್ಬರು ಕೈಯಿಂದ ಹೊಲಿದುಕೊಟ್ಟದ್ದು. ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯ ಮುಕ್ಕೋನದ ಹೂವುಗಳಿದ್ದವು. ಅವರು ಅದನ್ನು ‘ಫುಲಾ’ ಎನ್ನುತ್ತಾರೆ. ಅದಿಲ್ಲದ ಕೌದಿ ಬತ್ತಲೆ ಇದ್ದಂತೆಯಂತೆ. ಎಲ್ಲಕ್ಕಿಂತ ಕೆಳಗೆ, ಹಳೆಯ ಧೋತರದಲ್ಲಿ ಸುತ್ತಿದ ಒಂದು ಹಿತ್ತಾಳೆಯ ಬಾಗಿಲ ಚಿಲಕ.

"ಇದು ನನ್ನ ತವರಿಂದು" ಎಂದರು.

ಅತ್ತೆಯವರ ತವರು ಹಳೆಯ ಸೂಪಾ. ಅದು ನನಗೆ ಗೊತ್ತಿತ್ತು, ಹೆಸರಾಗಿ ಮಾತ್ರ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ತಾಲೂಕಿನ ಮುಖ್ಯ ಸ್ಥಳವಾಗಿದ್ದ ಆ ಊರು 1980ರ ದಶಕದಲ್ಲಿ ಹಿನ್ನೀರಿನಡಿ ಸೇರಿತು. ಕಚೇರಿಗಳು ಜೋಯಿಡಾಕ್ಕೆ ಬಂದವು. ಮನೆ ಕಳೆದುಕೊಂಡ ಬಹಳ ಜನ ರಾಮನಗರಕ್ಕೆ ಹೋದರು. ಅವರಲ್ಲಿ ಅತ್ತೆಯವರ ಅಣ್ಣನೂ ಒಬ್ಬರು. ಅಣ್ಣ ಬಾಗಿಲು ಬಿಚ್ಚಿ ಒಯ್ದರು, ತಂಗಿ ಚಿಲಕ ಬೇಡಿ ತಂದರು.

ನನಗೆ ಅಳು ಬಂತು. ಸೆರಗು ಕಣ್ಣಿಗೊತ್ತುವಷ್ಟರಲ್ಲಿ ಅತ್ತೆಯವರೇ ನಗತೊಡಗಿದರು.

"ಅಳ್ತಿ ಯಾಕ? ಕೇಳು. ಮೊದಲ ನಿಮ್ಮ ಮಾವನ ಮ್ಯಾಲ ಸಿಟ್ಟ ಬಂದ್ರ ಗಂಟ ಕಟ್ಕೊಂಡ ಬಸ್ ಹತ್ತಿ ಸೂಪಾಕ್ಕ ಹೋಗ್ತಿದ್ದೆ. ಆಮ್ಯಾಲ ಸರಕಾರದಾವ್ರು ನೀರ ಬಿಟ್ರು. ಈಗ ಸಿಟ್ಟ ಮಾಡ್ಕೊಂಡ ತವರಿಗೆ ಹೋಗಬೇಕಂದ್ರ ದೋಣಿ ಬೇಕು! ಅದಕ್ಕ ಸಿಟ್ಟ ಮಾಡೂದ ಬಿಟ್ಟೆ."

ಅವರು ಸಿಟ್ಟು ಬಿಟ್ಟಿದ್ದಾರೆಂಬ ಸುದ್ದಿ ನನಗೆ ಅಂದೇ ತಿಳಿದದ್ದು.

"ಇನ್ನೊಂದ ಕೇಳು. ಸಾಮಾನ ಸಾಗಿಸಾಕ ನಾನೂ ಹೋಗಿದ್ದೆ. ಮುರಕ ಕಸಬರಿಗಿ ಸೈತ ಲಾರಿಗೆ ಹಾಕ್ಸಿದೆ. ಗಿರಣ್ಯಾಗ ಇಟ್ಟಿದ್ದ ಎರಡ ಸೇರ ಹಿಟ್ಟ ಮರತ ಬಂದೆ. ಈಗ ಮೀನ ರೊಟ್ಟಿ ಬಡೀತಿರಬೇಕು."

ಇಬ್ಬರೂ ನಕ್ಕೆವು. ಸೈರನ್ ಕೂಗಿ, ಇವರು ಊಟಕ್ಕೆ ಬಂದು ನೋಡಿದರೆ ಒಲೆ ಹಚ್ಚಿರಲಿಲ್ಲ. ಅತ್ತೆ ಸೊಸೆ ನೆಲದ ಮೇಲೆ ಮುಚ್ಚಳಗಳ ನಡುವೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದೆವು. ಜಗಳವಾಗಿದೆಯೆಂದು ತಿಳಿದ ಪಾಪದ ಮನುಷ್ಯ ಸದ್ದಿಲ್ಲದೆ ಕ್ಯಾಂಟೀನಿಗೆ ಹೋದರು.

ಆ ರಾತ್ರಿ ನನ್ನ ಅಚ್ಚಾದ ಲೇಖನವನ್ನು ಮತ್ತೆ ಓದಿದೆ. ಒಂದು ಸಾಲೂ ಹಿಡಿಸಲಿಲ್ಲ. ಸುನಂದಮ್ಮನವರನ್ನು ಓದಿ ನಾನು ಕಲಿತದ್ದು ಅರ್ಧ ಪಾಠ. ಮನೆಯ ವಿಷಯ ಬರೆಯಬಹುದೆಂಬುದನ್ನು ಕಲಿತೆ. ಆ ನಗುವಿನಲ್ಲಿ ಬರೆಯುವವಳೂ ಸಿಕ್ಕಿಬೀಳಬೇಕೆಂಬುದನ್ನು ಬಿಟ್ಟೆ. ಗಂಡಸರು ಹೆಂಗಸರ ಮೇಲೆ ಮಾಡಿದ್ದನ್ನೇ ನಾನು ಅತ್ತೆಯ ಮೇಲೆ ಮಾಡಿದ್ದೆ. ನಾನು ಮಾತ್ರ ಜಾಣೆ, ಎದುರಿಗಿದ್ದವರು ತಮಾಷೆ. ನಾಲ್ಕನೇ ಇಯತ್ತೆಯ ಅತ್ತೆಯವರ ನಗು ನನ್ನದಕ್ಕಿಂತ ಮೇಲಿತ್ತು. ಅವರು ನಕ್ಕದ್ದು ತಮ್ಮ ಕಸಬರಿಗೆಯನ್ನು ನೋಡಿ, ಮುಳುಗಿದ ತಮ್ಮ ಮನೆಯ ದಂಡೆಯಲ್ಲಿ ನಿಂತು.

ಮುಂದೆ ಓದುತ್ತ ಹೋದಂತೆ ಇದು ಎಲ್ಲ ಕಡೆಯ ಹೆಂಗಸರ ದಾರಿಯೆಂದು ಕಂಡಿತು. ನಮ್ಮ ಜಿಲ್ಲೆಯವರೇ ಆದ, ಮಂಗಳೂರಿನಲ್ಲಿ ಅಧ್ಯಾಪಕಿಯಾಗಿದ್ದ ಭುವನೇಶ್ವರಿ ಹೆಗಡೆಯವರ ಪುಸ್ತಕವೊಂದರ ಹೆಸರೇ ‘ನಕ್ಕು ಹಗುರಾಗಿ’. ಅಮೆರಿಕದ ಓಹಾಯೋ ರಾಜ್ಯದಲ್ಲಿ ಎರ್ಮಾ ಬಾಂಬೆಕ್ ಎಂಬ ಗೃಹಿಣಿಯಿದ್ದರು. 1964ರಲ್ಲಿ, ಮೂರು ಮಕ್ಕಳ ತಾಯಿ, ಮಲಗುವ ಕೋಣೆಯಲ್ಲಿ ಇಟ್ಟಿಗೆಗಳ ಮೇಲೆ ಹಲಗೆ ಇಟ್ಟು ಊರಿನ ಸಣ್ಣ ಪತ್ರಿಕೆಗೆ ಅಂಕಣ ಬರೆಯಲು ಕೂತರು. ಸಂಭಾವನೆ ಅಂಕಣಕ್ಕೆ ಮೂರು ಡಾಲರ್. ಬರೆದದ್ದು ಬಟ್ಟೆ ಒಗೆಯುವ, ಮಕ್ಕಳನ್ನು ಸಂಭಾಳಿಸುವ ಫಜೀತಿಗಳ ಬಗ್ಗೆ. ಮುಂದೆ ಅದನ್ನು ಸಾವಿರಾರು ಊರುಗಳ ಹೆಂಗಸರು ಓದಿದರು. ಹಲಗೆಯ ಸಂಗತಿ ತಿಳಿದಾಗ ನನಗೆ ನನ್ನ ಕಿರಾಣಿ ಚೀಟಿಯ ಮೇಲೆ ಗೌರವ ಹೆಚ್ಚಾಯಿತು.

ನನ್ನ ಎರಡನೆಯ ಲೇಖನದ ವಿಷಯ ನಾನೇ. ಐದು ವರ್ಷ ಟ್ರಂಕಿನ ಪಕ್ಕ ಕಸ ಗುಡಿಸಿ, ಒಳಗೇನಿದೆಯೆಂದು ಕೇಳದೆ ಪುಟಗಟ್ಟಲೆ ಬರೆದ ಜಾಣೆಯ ಕಥೆ. ಅಚ್ಚಿಗೆ ಕಳಿಸುವ ಮೊದಲು ಅತ್ತೆಯವರಿಗೆ ಓದಿ ಹೇಳಿದೆ. "ಮುಚ್ಚಳದ ಲೆಕ್ಕ ಬರದಿಯೇನು? ಇಪ್ಪತ್ತಾರ ಅದಾವ" ಎಂದು ತಿದ್ದುಪಡಿ ಸೂಚಿಸಿದರು. ಆ ಲೇಖನ ವಾಪಸು ಬಂತು. ಅತ್ತೆಯವರು ಪತ್ರಿಕೆಯವರನ್ನು ಒಂದು ವಾರ ಬೈದರು. ನನ್ನ ಪರವಾಗಿ ಅವರು ಬೈದದ್ದು ಅದೇ ಮೊದಲು.

ಅವರು ಹೋಗಿ ಹದಿನೆಂಟು ವರ್ಷವಾಯಿತು. ಚಿಲಕ ಈಗ ನಮ್ಮ ದೇವರಕೋಣೆಯ ಬಾಗಿಲಲ್ಲಿದೆ. ಕೌದಿಯನ್ನು ಚಳಿಗಾಲದಲ್ಲಿ ಮೊಮ್ಮಗಳು ಹೊದೆಯುತ್ತಾಳೆ. ಟ್ರಂಕಿನಲ್ಲಿ ನನ್ನ ವಾಪಸು ಬಂದ ಲೇಖನಗಳಿವೆ, ಮುಚ್ಚಳಗಳೂ ಇವೆ. ಬಾಟಲಿಗಳು ಸಿಕ್ಕಾವೆಂಬ ಆಸೆ ನನಗೂ ಅಂಟಿಕೊಂಡಿದೆ.

ಮೊನ್ನೆ ನನ್ನ ಸೊಸೆ ಮೊಬೈಲಿನಲ್ಲಿ ಏನೋ ಟೈಪು ಮಾಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಇಣುಕಿದರೆ ‘ಅತ್ತೆ’ ಎಂಬ ಅಕ್ಷರ ಕಂಡಿತು. ಎದೆ ಝಲ್ಲೆಂದಿತು. ಬರೆಯಲಿ ಬಿಡಿ, ಕಾಲ ಅವಳದು. ಸಂಜೆ ಚಹಾ ಕೊಡುವಾಗ ಮಾತ್ರ, "ಟ್ರಂಕಿಗೆ ಈಗ ಬೀಗ ಇಲ್ಲವ್ವ, ಬೇಕಾದ್ರೆ ತೆಗೆದು ನೋಡು" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. "ಯಾಕತ್ತೆ, ಏನಿದೆ ಅದರಲ್ಲಿ?" ಎಂದು ಕೇಳಿದಳು.

ಕೇಳಿದಳಲ್ಲ! ನಾನು ಲೋಟ ಕೆಳಗಿಟ್ಟು ಕೂತೆ.