ನನ್ನ ಭುಜದಲ್ಲಿ ಹರಿದದ್ದು ಏನೂ ಇರಲಿಲ್ಲ

ಎರಡು ವರ್ಷದ ಹಿಂದಿನ ಮಾತು. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ನನಗೆ ಶನಿವಾರ ಬೆಳಗ್ಗೆಯ ಬ್ಯಾಡ್ಮಿಂಟನ್ ಒಂದೇ ವ್ಯಾಯಾಮ. ಅವತ್ತು ಒಂದು ಸ್ಮ್ಯಾಶ್ ಹೊಡೆದೆ. ಬಲಭುಜದಲ್ಲಿ ಚಳಕ್ ಅಂದಿತು. ಎರಡು ದಿನದಲ್ಲಿ ಹೋಗುತ್ತೆ ಅಂದುಕೊಂಡೆ. ಎರಡು ತಿಂಗಳಾದರೂ ಹೋಗಲಿಲ್ಲ. ಮೇಲಿನ ಶೆಲ್ಫ್‌ನಿಂದ ಡಬ್ಬಿ ತೆಗೆಯೋಕೆ ಆಗುತ್ತಿರಲಿಲ್ಲ, ರಾತ್ರಿ ಬಲಮಗ್ಗುಲಿಗೆ ತಿರುಗಿದರೆ ನಿದ್ದೆ ಹಾರಿಹೋಗುತ್ತಿತ್ತು.

ಒಂದು ಆಸ್ಪತ್ರೆಗೆ ಹೋದೆ. ಎಂಆರ್‌ಐ ಆಯಿತು. ರಿಪೋರ್ಟಿನಲ್ಲಿ ಲೇಬ್ರಮ್‌ನ ಮುಂಭಾಗದ ಮೇಲ್ಗಡೆ ಹರಿದಿರಬಹುದು ಅಂತ ಇತ್ತು. ಡಾಕ್ಟರ್ ಐದೇ ನಿಮಿಷದಲ್ಲಿ ಹೇಳಿದರು: "ಆರ್ತ್ರೋಸ್ಕೋಪಿ ಮಾಡೋಣ. ಸಣ್ಣ ತೂತು, ಕ್ಯಾಮೆರಾ ಹಾಕಿ ಹೊಲಿದುಬಿಡ್ತೀವಿ."

ನನಗೆ ಖುಷಿಯೇ ಆಯಿತು ಅಂದರೆ ನಂಬುತ್ತೀರಾ? ಬಗ್ ಸಿಕ್ಕಿತು, ಫಿಕ್ಸ್ ಮಾಡಿದರೆ ಮುಗೀತು. ಹೆಂಡತಿಗೆ ಆಗ ಐದು ತಿಂಗಳು. ಮಗು ಬರೋದರೊಳಗೆ ಕೈ ರಿಪೇರಿ ಆಗಿರಬೇಕು ಅನ್ನೋದು ನನ್ನ ಲೆಕ್ಕ. ಆಫೀಸಿನ ಇನ್ಶೂರೆನ್ಸ್‌ಗೆ ಅರ್ಜಿಯನ್ನೂ ಹಾಕಿಬಿಟ್ಟೆ.

ಹಾಸನದಿಂದ ಅಮ್ಮ ಫೋನಿನಲ್ಲಿ, "ಒಂದು ಸೀರೆ ತಗೊಳ್ಳೋಕೆ ನಾಲ್ಕು ಅಂಗಡಿ ಹತ್ತಿಳೀತೀವಿ. ಮೈಗೆ ಕತ್ತರಿ ಹಾಕಿಸಿಕೊಳ್ಳೋಕೆ ಒಬ್ಬರೇ ಡಾಕ್ಟರ್ ಸಾಕೇನೋ?" ಅಂದರು. ಹೆಂಡತಿಯೂ ದನಿಗೂಡಿಸಿದಳು: "ಬೇಗ ವಾಸಿ ಆಗದೇ ಇದ್ರೆ ಮಗೂನ ಎತ್ತಿಕೊಳ್ಳೋದು ಯಾರು?" ಒಲ್ಲದ ಮನಸ್ಸಿನಿಂದಲೇ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆ.

ಅವರು ಐವತ್ತು ದಾಟಿದ ಮೇಡಂ. ರಿಪೋರ್ಟ್ ಚಾಚಿದೆ, ಪಕ್ಕಕ್ಕಿಟ್ಟರು. ಮೊದಲು ಕೈ ಹಿಡಿದು ಮೇಲೆತ್ತಿದರು, ಹೊರಕ್ಕೆ ತಿರುಗಿಸಿದರು, ನನ್ನನ್ನು ತಳ್ಳು ಅಂದರು. ನೋವು ಎಲ್ಲಿ ಅಂತ ಒಂದು ಬೆರಳಲ್ಲಿ ತೋರಿಸೋಕೆ ಹೇಳಿದರು. ಭುಜದ ಹೊರಮಗ್ಗುಲು ತೋರಿಸಿದೆ. "ಭುಜ ಯಾವತ್ತಾದ್ರೂ ಜಾರಿದೆಯಾ? ಜಾರುತ್ತೆ ಅಂತ ಭಯ ಆಗುತ್ತಾ?" ಇಲ್ಲ ಅಂದೆ. ಆಮೇಲೆ ಎಂಆರ್‌ಐ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದರು.

"ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಕೊಂಡು ಓಡಿದ್ದೀರಲ್ಲ? ಭುಜದ ಕೀಲು ಹಾಗೇ. ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರುವ ಬಟ್ಟಲು ಚಿಕ್ಕದು, ಆಳವೂ ಇಲ್ಲ. ಆ ಬಟ್ಟಲಿಗೆ ಸುತ್ತಲೂ ಒಂದು ಮೆತ್ತನೆ ಅಂಚು ಇರುತ್ತೆ, ಅದೇ ಲೇಬ್ರಮ್."

ಬಟ್ಟಲನ್ನು ಗಡಿಯಾರ ಅಂದುಕೊಳ್ಳಬೇಕಂತೆ. ಬಲಭುಜದಲ್ಲಿ 12 ಅಂದರೆ ಮೇಲೆ, 3 ಅಂದರೆ ಮುಂದೆ. ಬೈಕಿನಿಂದ ಬಿದ್ದು ಭುಜ ಜಾರಿದವರಲ್ಲಿ ಅಂಚು ಸಾಮಾನ್ಯವಾಗಿ ಕಿತ್ತುಬರುವುದು 3ರಿಂದ 6ರ ನಡುವೆ. ಆದರೆ 12ರಿಂದ 3ರ ನಡುವಿನ ತುಣುಕು ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವರಲ್ಲಿ ಅಲ್ಲಿ ಅಂಚು ಮೂಳೆಗೆ ಅಂಟಿರುವುದೇ ಇಲ್ಲ, ಕೆಳಗೊಂದು ಕಿಂಡಿ ಇರುತ್ತದೆ. ಇನ್ನೂ ಕೆಲವರಲ್ಲಿ ಅಂಚೇ ಇರುವುದಿಲ್ಲ. ಅದರ ಬದಲು ಮುಂಭಾಗದ ಒಂದು ಅಸ್ಥಿರಜ್ಜು ಹಗ್ಗದ ಹಾಗೆ ದಪ್ಪಗಾಗಿ, ಬೈಸೆಪ್ಸ್ ಸ್ನಾಯುವಿನ ಬುಡಕ್ಕೆ ಹೋಗಿ ಸೇರಿಕೊಂಡಿರುತ್ತದೆ. ಇದಕ್ಕೆ ಬ್ಯುಫರ್ಡ್ ಕಾಂಪ್ಲೆಕ್ಸ್ ಅಂತ ಹೆಸರು. 1994ರಲ್ಲಿ ಅಮೆರಿಕದ ವೈದ್ಯರು 200 ಭುಜಗಳ ಆರ್ತ್ರೋಸ್ಕೋಪಿ ವಿಡಿಯೊ ನೋಡಿ ಬರೆದ ಲೇಖನದಲ್ಲಿ ಕಿಂಡಿ ಇದ್ದದ್ದು ನೂರಕ್ಕೆ 12 ಭುಜಗಳಲ್ಲಿ, ಬ್ಯುಫರ್ಡ್ ಇದ್ದದ್ದು ನೂರಕ್ಕೆ 1.5ರಲ್ಲಿ.

ಮೇಡಂ ಮೌಸ್ ತಿರುಗಿಸುತ್ತಾ ಹೋದರು. ಬಟ್ಟಲಿನ ಮುಂದೆ, ಮೂಳೆಯಿಂದ ಬೇರೆಯಾಗಿ ಒಂದು ಕಪ್ಪು ಚುಕ್ಕೆ. "ಈ ಒಂದು ಚಿತ್ರ ಮಾತ್ರ ನೋಡಿದ್ರೆ ಕಿತ್ತುಹೋದ ಅಂಚಿನ ಚೂರು ಅನ್ನಿಸುತ್ತೆ. ಈಗ ಮೇಲಕ್ಕೆ ಹೋಗೋಣ. ನೋಡಿ, ಚುಕ್ಕೆ ಬೈಸೆಪ್ಸ್ ಬುಡಕ್ಕೆ ಸೇರ್ತು. ಕೆಳಗೆ ಬನ್ನಿ, ಚೂರಾಗಿದ್ರೆ ಇಲ್ಲೇ ನಿಲ್ಲಬೇಕಿತ್ತು, ಇದು ಹಗ್ಗದ ಥರ ಮುಂದುವರೀತು. 3ರ ಕೆಳಗೆ ಅಂಚು ಗಟ್ಟಿಯಾಗಿ ಅಂಟಿಕೊಂಡೇ ಇದೆ. ಇದು ಹರಿದಿದ್ದಲ್ಲಪ್ಪ, ನೀವು ಹುಟ್ಟಿದ್ದೇ ಹೀಗೆ."

"ಹಾಗಿದ್ರೂ ಹೊಲಿದುಬಿಟ್ರೆ ಏನಾಗ್ತಿತ್ತು ಮೇಡಂ?"

"ಆ ಹಗ್ಗ ಸಡಿಲವಾಗಿ ಓಡಾಡಬೇಕು. ಅದನ್ನ ಮೂಳೆಗೆ ಬಿಗಿದ್ರೆ ಕೈ ಹೊರಕ್ಕೆ ತಿರುಗಲ್ಲ, ಮೇಲಕ್ಕೂ ಪೂರ್ತಿ ಏಳಲ್ಲ. ನೋವು ಬೇರೆ. ಇಲ್ಲದ ಕಾಯಿಲೆಗೆ ಇರೋ ಕೈ ಕೊಟ್ಟ ಹಾಗೆ."

ಎಸಿ ರೂಮಿನಲ್ಲೂ ನನಗೆ ಬೆವರು ಬಂತು. ಇನ್ಶೂರೆನ್ಸ್‌ನವರ ಒಪ್ಪಿಗೆ ಮೆಸೇಜ್ ಹಿಂದಿನ ದಿನ ತಾನೇ ಬಂದಿತ್ತು.

ಅವತ್ತು ಮೆಟ್ರೋದಲ್ಲಿ ವಾಪಸ್ ಬರುವಾಗ ನೆನಪಾದದ್ದು ನನ್ನ ಮೊದಲ ಕೆಲಸ. ಹಳೇ ಕೋಡಿನಲ್ಲಿ ಒಂದು ಕಡೆ ಸುಮ್ಮನೆ ಎರಡು ಸೆಕೆಂಡ್ ಕಾಯುವ ಸಾಲು ಇತ್ತು. ಯಾರೋ ದಡ್ಡ ಬರೆದಿದ್ದಾನೆ ಅಂತ ತೆಗೆದುಹಾಕಿದೆ. ತಿಂಗಳ ಕೊನೆಯಲ್ಲಿ ಬಿಲ್‌ಗಳೆಲ್ಲ ಎರಡೆರಡು ಸಲ ಹೋದವು. ಆ ಸಾಲು ತಪ್ಪಾಗಿರಲಿಲ್ಲ, ಅದು ಯಾಕಿದೆ ಅಂತ ನಾನು ಕೇಳಿರಲಿಲ್ಲ, ಅಷ್ಟೇ. ಆದರೆ ಕೋಡನ್ನು ಅದೇ ರಾತ್ರಿ ಹಿಂದಕ್ಕೆ ತಂದೆವು. ಭುಜಕ್ಕೆ ಆ ಸೌಲಭ್ಯ ಇಲ್ಲ.

ಮನೆಗೆ ಬಂದು ಮತ್ತೆ ರಿಪೋರ್ಟ್ ತೆಗೆದೆ. ಕೊನೆಯ ಸಾಲಿನಲ್ಲಿ, ರೋಗಿಯನ್ನು ಪರೀಕ್ಷಿಸಿ ತಾಳೆ ನೋಡಬೇಕು ಅಂತ ಇತ್ತು. ಮೊದಲ ಸಲ ಹರಿದಿದೆ ಅನ್ನೋ ಪದ ಕಂಡಿದ್ದೇ, ಮುಂದಕ್ಕೆ ನಾನು ಓದಿರಲಿಲ್ಲ. ಆ ಡಾಕ್ಟರ್ ಒಬ್ಬರನ್ನೇ ದೂರಿ ಏನು ಪ್ರಯೋಜನ? ಬೇಗ ಮುಗಿಸಿ ಅಂತ ಅವಸರ ಮಾಡಿದವನು ನಾನೇ.

ನನ್ನ ನಿಜವಾದ ನೋವು ಬೇರೆ ಕಡೆಯದು. ಭುಜದ ಚಿಪ್ಪಿನ ಕೆಳಗೆ ಹಾದುಹೋಗುವ ಸ್ನಾಯುತಂತು ಕೆರಳಿತ್ತು. ದಿನವಿಡೀ ಕುಗ್ಗಿ ಕೂತು, ವಾರಕ್ಕೊಂದು ದಿನ ಎಗರಾಡಿದ್ದರ ಫಲ. ಮೂರು ತಿಂಗಳು ಫಿಸಿಯೋಥೆರಪಿ. ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ ದಿನಾ ಎಳೆಯುವುದು. ಬೋರ್ ಹೊಡೆಸುವ ಕೆಲಸ. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ, ಆಪರೇಷನ್ನೇ ವಾಸಿ ಇತ್ತೇನೋ ಅಂತಲೂ ಅನ್ನಿಸಿತು. ಎರಡನೇ ತಿಂಗಳಲ್ಲಿ ಒಂದು ರಾತ್ರಿ ಬಲಮಗ್ಗುಲಲ್ಲಿ ಮಲಗಿ ಬೆಳಗ್ಗೆಯೇ ಎದ್ದೆ.

ಹಾಗಂತ ಆಪರೇಷನ್ ಬೇಡ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ನನ್ನ ಟೀಮಿನ ಹುಡುಗನೊಬ್ಬನ ಭುಜ ನಾಲ್ಕು ಸಲ ಜಾರಿತ್ತು. ಅದೇ ಮೇಡಂ ಅವನಿಗೆ ಆರ್ತ್ರೋಸ್ಕೋಪಿ ಮಾಡಿದರು, ಈಗ ಆರಾಮಾಗಿ ಈಜುತ್ತಾನೆ. ನಿಮಗೂ ಯಾರಾದರೂ ಭುಜದ ಅಂಚು ಹರಿದಿದೆ ಅಂದರೆ ಎರಡು ಪ್ರಶ್ನೆ ಕೇಳಿ: ಇದು ನನ್ನ ನೋವಿಗೆ ತಾಳೆ ಆಗುತ್ತಾ? ಹುಟ್ಟಿನಿಂದಲೇ ಹೀಗಿರಬಹುದಾ? ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಗಳಿಗೆ ಈಗ ಒಂದೂಮುಕ್ಕಾಲು ವರ್ಷ, ಹತ್ತು ಕೆಜಿ. ಆಫೀಸಿನಿಂದ ಬಂದ ತಕ್ಷಣ "ಎತ್ಕೋ" ಅಂತ ಎರಡೂ ಕೈ ಚಾಚುತ್ತಾಳೆ. ಎತ್ತಿ ತಲೆಯ ಮೇಲಕ್ಕೆ ಹಿಡಿದಾಗ ಒಮ್ಮೊಮ್ಮೆ ಭುಜ ಸಣ್ಣಗೆ ಟಕ್ ಅನ್ನುತ್ತದೆ. ನೋವಿಲ್ಲ. ಒಳಗೆ ನನ್ನ ಹಗ್ಗ ಅದರ ಪಾಡಿಗೆ ಅದು ಓಡಾಡಿಕೊಂಡಿರಲಿ ಅಂದುಕೊಂಡು, ಅವಳನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತುತ್ತೇನೆ.