ಗ್ಯಾಸ್ ಖಾಲಿ ಆಗುವುದಿಲ್ಲ ಮಾರಾಯ್ರೇ

ಮಂಗಳೂರಿನ ಸೆಕೆಗೆ ಕೂಲರ್ ಸಾಲುವುದಿಲ್ಲ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಇನ್ನಷ್ಟು ನೀರು ಬೆರೆಸಿ ಏನು ಪ್ರಯೋಜನ? ಹಾಗಾಗಿ ಅಮ್ಮನ ಕೋಣೆಗೆ ಒಂದು ಟನ್ನಿನ ಇನ್ವರ್ಟರ್ ಏಸಿ ಹಾಕಿಸಿದೆ. ಕೋಣೆಯ ಅಳತೆ, ಬಿಸಿಲು ಬೀಳುವ ಗೋಡೆ, ಸ್ಟಾರ್ ಎಷ್ಟು ಅಂತ ನೋಡಿದರೆ ಆರಿಸುವುದು ಸುಲಭ. ಕಷ್ಟ ಇರುವುದು ಆಮೇಲೆ.

ಪ್ರತಿ ಏಪ್ರಿಲ್‌ನಲ್ಲಿ ಮೆಕ್ಯಾನಿಕ್ ಬಂದು "ಗ್ಯಾಸ್ ಖಾಲಿ ಅಮ್ಮಾ" ಅಂತಾನೆ. ಅಮ್ಮ ಪೆನ್ಶನ್ ದುಡ್ಡು ತೆಗೆದು ಕೊಡ್ತಾಳೆ. ಏಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರ್ತದೆ. ಕಮ್ಮಿಯಾಗಿದ್ದರೆ ಎಲ್ಲೋ ಸೋರ್ತಾ ಉಂಟು ಅಂತ ಅರ್ಥ. ಅದನ್ನು ಮುಚ್ಚದೆ ತುಂಬಿಸುವುದು ತೂತು ಕೊಡಪಾನಕ್ಕೆ ನೀರು ಸುರಿದ ಹಾಗೆ. ಎಷ್ಟೋ ಸಲ ತಂಪು ಕಮ್ಮಿಯಾಗುವುದಕ್ಕೆ ಫಿಲ್ಟರಿನ ಧೂಳೇ ಕಾರಣ.

ಈಗ ಅಮ್ಮ 15 ದಿನಕ್ಕೊಮ್ಮೆ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸ್ತಾಳೆ. 26ಕ್ಕೆ ಇಟ್ಟು, ಫ್ಯಾನ್ ಹಾಕಿ ಮಲಗ್ತಾಳೆ. ಮೆಕ್ಯಾನಿಕ್‌ಗೆ ಈ ಸಲ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿ ಸೋರ್ತಾ ಉಂಟು, ತೋರಿಸು ಮಾರಾಯ."